ಮನೆಯ ವಚನಗಾಯನಕ್ಕೆ ಕೀಬೋರ್ಡು ಕೊಳ್ಳುವ ಮುನ್ನ

ಶರಣಧರ್ಮದಲ್ಲಿ ನಾದಕ್ಕಿರುವ ಸ್ಥಾನ ಹಿರಿದು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮನು ಮದ್ದಳೆ ನುಡಿಸುವ ಕಲಾವಿದನಾಗಿ ನಮಗೆ ಕಾಣಿಸಿಕೊಳ್ಳುತ್ತಾನೆ. ಬಸವಣ್ಣನವರು ತಮ್ಮ ಶರೀರವನ್ನೇ ಒಂದು ತಂತಿವಾದ್ಯವಾಗಿ ಮಾಡಿಕೊಂಡು ನುಡಿಸಬೇಕೆಂದು ಕೂಡಲಸಂಗಮದೇವನನ್ನು ಬೇಡಿಕೊಂಡಿದ್ದಾರೆ. ಇನ್ನೊಂದು ವಚನದಲ್ಲಿ ಅವರೇ, ತಾಳಗಳ ಲೆಕ್ಕವಾಗಲಿ ಗಾಯನಶಾಸ್ತ್ರದ ನಿಯಮಗಳಾಗಲಿ ತಮಗೆ ತಿಳಿಯವೆಂದೂ, ಅಂತರಂಗದ ಪ್ರೀತಿಯೊಂದೇ ತಮ್ಮ ಹಾಡಿಗೆ ಆಧಾರವೆಂದೂ ವಿನಯದಿಂದ ನಿವೇದಿಸಿದ್ದಾರೆ. ಮೊದಲನೆಯ ಮಾತು ವಾದ್ಯದ ಹಿರಿಮೆಯನ್ನು ಹೇಳಿದರೆ ಎರಡನೆಯದು ವಾದ್ಯದ ಮಿತಿಯನ್ನು ಹೇಳುತ್ತದೆ. ಈ ಎರಡನ್ನೂ ಮನಸ್ಸಿನಲ್ಲಿರಿಸಿಕೊಂಡು, ಇಂದು ಅನೇಕ ಮನೆಗಳಲ್ಲಿ ಕೇಳಿಬರುತ್ತಿರುವ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಪ್ರಶ್ನೆ ಇಷ್ಟೇ: “ಅಪ್ಪಾರ, ಮಗಳಿಗೆ ಸಂಗೀತ ಕಲಿಸಬೇಕಂತೀವಿ. ಪೇಟಿ ಕೊಡಿಸೋದು ಚಲೋನೋ, ಕ್ಯಾಸಿಯೊ ಕೊಡಿಸೋದು ಚಲೋನೋ?” ಪ್ರವಚನ ಮುಗಿದು ಮಹಾಮಂಗಳವಾದ ಮೇಲೆ ತಾಯಂದಿರು ಬಂದು ಹೀಗೆ ಕೇಳುವುದುಂಟು. ಪೇಟಿಯೆಂದರೆ ನಮ್ಮ ಉತ್ತರ ಕರ್ನಾಟಕದ ರೂಢಿಯಲ್ಲಿ ಹಾರ್ಮೋನಿಯಂ. ಕ್ಯಾಸಿಯೊ ಎಂಬುದು ಒಂದು ಜಪಾನೀ ಕಂಪನಿಯ ಹೆಸರಾದರೂ ನಮ್ಮ ಜನ ಯಾವ ಕಂಪನಿಯ ವಿದ್ಯುನ್ಮಾನ ಕೀಬೋರ್ಡನ್ನೂ ಅದೇ ಹೆಸರಿನಿಂದ ಕರೆಯುವರು. ಪ್ರಶ್ನೆ ಕೊಳ್ಳುವ-ಮಾರುವ ಮಾತಿನಂತೆ ಕಂಡರೂ ಅದರ ಹಿಂದೆ ಮನೆಯ ಪ್ರಾರ್ಥನೆ ಮುಂದಿನ ತಲೆಮಾರಿಗೆ ಉಳಿಯುವುದೋ ಇಲ್ಲವೋ ಎಂಬ ಕಳವಳವಿದೆ. ಆದ್ದರಿಂದ ಇದನ್ನು ಹಗುರಾಗಿ ತೆಗೆದುಕೊಳ್ಳಲಾಗದು.

ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುವುದು ಉಚಿತ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಶ್ರಾವಣ ಮಾಸದಲ್ಲಿ ಒಂದು ಊರಿನ ಮಠದಲ್ಲಿ ನನ್ನ ಪ್ರವಚನ ನಡೆದಿತ್ತು. ಪೇಟಿ ನುಡಿಸುತ್ತಿದ್ದ ಹಿರಿಯ ಮಾಸ್ತರರಿಗೆ ಜ್ವರ ಬಂದು ಅವರು ಬರಲಾಗಲಿಲ್ಲ. ಆಗ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ ತನ್ನ ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದು ವೇದಿಕೆಯ ಪಕ್ಕದಲ್ಲಿ ಇಟ್ಟನು. ನಾನು ಅದನ್ನು ನೋಡಿದವನೇ, “ಇದು ಆರ್ಕೆಸ್ಟ್ರಾದವರ ವಾದ್ಯ, ಮಠದೊಳಗೆ ಬೇಡ” ಎಂದುಬಿಟ್ಟೆ. ಹುಡುಗ ಎದುರಾಡಲಿಲ್ಲ. ವಾದ್ಯವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದನು. ಆ ಸಂಜೆ ಶ್ರುತಿಯ ಆಧಾರವಿಲ್ಲದೆ ನಾಲ್ಕು ಜನ ನಾಲ್ಕು ಸ್ವರದಲ್ಲಿ ವಚನ ಹಾಡಿದರು. ಮರುವರ್ಷ ಅದೇ ಊರಿಗೆ ಹೋದಾಗ ಆ ಹುಡುಗನ ತಾಯಿ ನನಗೆ ಶರಣು ಮಾಡಿ, “ಅವತ್ತಿನ ಸಲುವಾಗಿ ಐದು ವಚನ ಕಲಿತಿದ್ದ, ಬುದ್ಧಿ” ಎಂದಷ್ಟೇ ಹೇಳಿದರು. ಹುಡುಗ ಮಾತ್ರ ಪ್ರವಚನಕ್ಕೆ ಬಂದಿರಲಿಲ್ಲ. ವಾದ್ಯದ ಹೊರಗನ್ನು ನೋಡಿ ನುಡಿಸುವವನ ಒಳಗನ್ನು ಅಳೆದದ್ದು ನನ್ನ ಅವಿವೇಕ. ಆ ದಿನದಿಂದ ಈ ವಾದ್ಯವನ್ನು ತಿಳಿದುಕೊಳ್ಳುವ ಪ್ರಯತ್ನ ಮಾಡಿದ್ದೇನೆ. ಬಲ್ಲವರ ಬಳಿ ಕುಳಿತು ಕೇಳಿದ್ದೇನೆ. ಅದರ ಫಲವೇ ಈ ಲೇಖನ.

ಪರದೇಶದ ವಾದ್ಯವೆಂಬ ಆಕ್ಷೇಪ

ಕೀಬೋರ್ಡು ಪರದೇಶದ್ದು, ಹಾರ್ಮೋನಿಯಂ ನಮ್ಮದು ಎಂಬ ಭಾವನೆ ಹಿರಿಯರಲ್ಲಿ ಬಲವಾಗಿದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಅಲೆಕ್ಸಾಂಡ್ರ ದೆಬೇನ್ ಎಂಬಾತನು 1842ರಲ್ಲಿ ಹಕ್ಕುಪತ್ರ ಪಡೆದನು. ಅದು ಕಾಲಿನಿಂದ ತಿದಿಯೊತ್ತಿ ನುಡಿಸುವ ದೊಡ್ಡ ವಾದ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷ್ ಅವರು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಅದನ್ನು ಚಿಕ್ಕದಾಗಿಸಿದರು. ನಮ್ಮ ನಾಟಕ ಕಂಪನಿಗಳಲ್ಲಿ ಕಾಲಿನಿಂದ ಒತ್ತುವ ಲೆಗ್ ಹಾರ್ಮೋನಿಯಂ ಬಹುಕಾಲ ಮೆರೆಯಿತು. ಭಜನಾ ಮಂಡಳಿಗಳಲ್ಲಿ, ಪುರಾಣ-ಪ್ರವಚನಗಳಲ್ಲಿ ಕೈಪೇಟಿ ನೆಲೆಯೂರಿತು.

ಹೀಗೆ ನೆಲೆಯೂರುವ ಹಾದಿ ಸುಗಮವಾಗಿರಲಿಲ್ಲ. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳೂ ಮೀಂಡುಗಳೂ ಅದರಲ್ಲಿ ಬರುವುದಿಲ್ಲವೆಂದು ವಿದ್ವಾಂಸರು ಆಕ್ಷೇಪಿಸಿದರು. ರವೀಂದ್ರನಾಥ ಠಾಕೂರರೂ ಈ ವಾದ್ಯವನ್ನು ವಿರೋಧಿಸಿದವರೇ. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಂ ವಾದ್ಯವನ್ನು ತನ್ನ ಪ್ರಸಾರದಿಂದ ನಿಷೇಧಿಸಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾನುಲಿಯಿಂದ ಹೊರಗುಳಿದ ವಾದ್ಯವೇ ಇಂದು ನಮ್ಮ ಮಠಗಳಲ್ಲಿ ಪೂಜ್ಯಸ್ಥಾನದಲ್ಲಿದೆ.

ಇದಕ್ಕೆ ಕಾರಣರಾದವರನ್ನು ನೆನೆಯಬೇಕು. ಹಾನಗಲ್ಲ ಕುಮಾರಸ್ವಾಮಿಗಳವರ ಕೃಪಾಶ್ರಯದಲ್ಲಿ ಬೆಳೆದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿದರು. ಅವರ ಶಿಷ್ಯರಾದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ ಸಹಿತ ಹಲವು ವಾದ್ಯಗಳಲ್ಲಿ ಪರಿಣತರಾಗಿದ್ದರು. ಗುರು-ಶಿಷ್ಯರಿಬ್ಬರೂ ಅಂಧರು. ಆಶ್ರಮದಲ್ಲಿ ಕಲಿತವರು ಹಳ್ಳಿಹಳ್ಳಿಗೆ ಹೋಗಿ ಪೇಟಿಯ ಆಸರೆಯಲ್ಲಿ ವಚನಗಳನ್ನು ಹಾಡಿ, ಓದು ಬಾರದವರ ಕಿವಿಗೂ ಶರಣವಾಣಿಯನ್ನು ಮುಟ್ಟಿಸಿದರು. ವಾದ್ಯ ಎಲ್ಲಿ ಹುಟ್ಟಿತೆಂದು ಅವರು ಕೇಳಲಿಲ್ಲ. ಅದು ಯಾವ ಕಾಯಕ ಮಾಡಬಲ್ಲುದೆಂದು ನೋಡಿದರು.

ಕೀಬೋರ್ಡಿನ ಕಥೆ ಇನ್ನೂ ಈಚಿನದು. ಕ್ಯಾಸಿಯೊ ಕಂಪನಿಯ ಮೊದಲ ವಿದ್ಯುನ್ಮಾನ ಕೀಬೋರ್ಡು ‘ಕ್ಯಾಸಿಯೊಟೋನ್ 201’ ಬಂದದ್ದು 1980ರಲ್ಲಿ. ವಿದ್ಯುನ್ಮಾನ ವಾದ್ಯಗಳು ಒಂದರೊಡನೊಂದು ವ್ಯವಹರಿಸುವ ‘ಮಿಡಿ’ ಎಂಬ ಪದ್ಧತಿ 1983ರಲ್ಲಿ ರೂಢಿಗೆ ಬಂದಿತು. ನಮ್ಮಲ್ಲಿಯೂ ಬೆಂಗಳೂರಿನ ಜಿ. ರಾಜನಾರಾಯಣ ಅವರು ತಮ್ಮ ರೇಡೆಲ್ ಸಂಸ್ಥೆಯ ಮೂಲಕ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿ ಸಂಗೀತಗಾರರ ಮನೆಮನೆಗೆ ತಲುಪಿಸಿದರು. ಯಂತ್ರದಿಂದ ಹುಟ್ಟುವ ಶ್ರುತಿಯನ್ನು ನಾವು ಆಗಲೇ ಒಪ್ಪಿಕೊಂಡಿದ್ದೇವೆ. ಆದ್ದರಿಂದ ಕೀಬೋರ್ಡನ್ನು ಹುಟ್ಟಿನ ಕಾರಣದಿಂದ ದೂರವಿಡುವುದು ನ್ಯಾಯವಲ್ಲ. ಹುಟ್ಟಿನಿಂದ ಯಾರನ್ನೂ ಅಳೆಯಬಾರದೆಂದು ಕಲಿಸಿದ ಶರಣರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೇಟಿಗೂ ಕೀಬೋರ್ಡಿಗೂ ಇರುವ ಅಂತರ

ಹಾಗೆಂದು ಎರಡೂ ಒಂದೇ ಎಂದಲ್ಲ. ಪೇಟಿಯಲ್ಲಿ ಗಾಳಿ ಹಿತ್ತಾಳೆಯ ನಾಲಗೆಗಳ ಮೇಲೆ ಹಾಯ್ದು ನಾದ ಹುಟ್ಟುತ್ತದೆ. ತಿದಿಯನ್ನು ಮೆಲ್ಲಗೆ ಒತ್ತಿದರೆ ನಾದ ತಗ್ಗುತ್ತದೆ, ಬಲವಾಗಿ ಒತ್ತಿದರೆ ಏರುತ್ತದೆ. ಒಂದೇ ಸ್ವರವನ್ನು ಹಿಡಿದಿರುವಾಗಲೇ ಅದನ್ನು ಉಬ್ಬಿಸಬಹುದು, ಇಳಿಸಬಹುದು. ವಚನದ ಕೊನೆಯಲ್ಲಿ ಅಂಕಿತ ಬರುವಾಗ ಹಾಡುವವರ ಕಂಠದೊಡನೆ ಪೇಟಿಯೂ ತುಂಬಿ ನಿಲ್ಲುವುದು ಈ ಗುಣದಿಂದ. ಕೀಬೋರ್ಡಿಗೆ ತಿದಿಯಿಲ್ಲ. ಪಟ್ಟಿಯನ್ನು ಒತ್ತಿದ ರಭಸಕ್ಕೆ ತಕ್ಕಂತೆ ನಾದದ ಆರಂಭ ಜೋರಾಗಬಹುದು, ಮೆತ್ತಗಾಗಬಹುದು. ಆದರೆ ಸಾಮಾನ್ಯ ಕೀಬೋರ್ಡಿನಲ್ಲಿ ಒತ್ತಿದ ಮೇಲೆ ಬೆರಳಿನಿಂದ ಅದನ್ನು ಉಬ್ಬಿಸಲಾಗದು.

ಕೀಬೋರ್ಡಿಗೆ ತನ್ನದೇ ಆದ ಅನುಕೂಲಗಳೂ ಉಂಟು. ಎರಡೂ ಕೈಗಳು ಬಿಡುವಾಗಿರುವುದರಿಂದ ಎಡಗೈಯಿಂದ ಷಡ್ಜ-ಪಂಚಮಗಳನ್ನು ಹಿಡಿದು ಬಲಗೈಯಿಂದ ಹಾಡನ್ನು ನುಡಿಸಬಹುದು. ಹಾಡುವವರ ಶ್ರುತಿಗೆ ತಕ್ಕಂತೆ ವಾದ್ಯವನ್ನು ಒಂದು ಗುಂಡಿಯಿಂದ ಏರಿಸಿ ಇಳಿಸಬಹುದು. ಪೇಟಿಯಲ್ಲಿ ಈ ಸೌಕರ್ಯ ಬೇಕಾದರೆ ‘ಸ್ಕೇಲ್ ಚೇಂಜರ್’ ಎಂಬ ಹೆಚ್ಚು ಬೆಲೆಯ, ಹೆಚ್ಚು ತೂಕದ ಪೇಟಿಯನ್ನೇ ಕೊಳ್ಳಬೇಕು. ಹೆಡ್‌ಫೋನು ಹಾಕಿಕೊಂಡರೆ ರಾತ್ರಿಯೂ ಪರರಿಗೆ ತೊಂದರೆಯಿಲ್ಲದೆ ಅಭ್ಯಾಸ ಮಾಡಬಹುದು.

ಶ್ರುತಿಶುದ್ಧಿಯ ವಿಷಯದಲ್ಲಿ ಮಾತ್ರ ಎರಡಕ್ಕೂ ಒಂದೇ ದೋಷವಿದೆಯೆಂಬುದನ್ನು ತಿಳಿದಿರಬೇಕು. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಸ್ವರಗಳನ್ನು ಕೂರಿಸುವ ಪಾಶ್ಚಾತ್ಯ ಕ್ರಮವೇ ಕೀಬೋರ್ಡಿನಲ್ಲಿರುತ್ತದೆ, ಇಂದಿನ ಬಹುಪಾಲು ಪೇಟಿಗಳಲ್ಲಿಯೂ ಇರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದು ಇಟ್ಟುಕೊಳ್ಳೋಣ. ತಂಬೂರಿಯೊಡನೆ ಬೆರೆಯುವ ಶುದ್ಧ ಪಂಚಮಕ್ಕೆ 360 ಕಂಪನಗಳು ಬೇಕು. ಕೀಬೋರ್ಡು ಕೊಡುವುದು ಸುಮಾರು 359.6. ಈ ವ್ಯತ್ಯಾಸ ಕಿವಿಗೆ ತಿಳಿಯುವಂಥದಲ್ಲ. ಆದರೆ ಗಾಂಧಾರಕ್ಕೆ 300 ಕಂಪನಗಳು ಬೇಕಾದಲ್ಲಿ ಕೀಬೋರ್ಡು ಕೊಡುವುದು ಸುಮಾರು 302.4. ಪಳಗಿದ ಕಿವಿಗೆ ಇದು ತುಸು ಏರಿದಂತೆ ಕೇಳಿಸುತ್ತದೆ. ಆದ್ದರಿಂದ ಮಗು ಸ್ವರಜ್ಞಾನವನ್ನು ಕೀಬೋರ್ಡೊಂದರಿಂದಲೇ ಪಡೆಯಬಾರದು. ದಿನವೂ ಸ್ವಲ್ಪ ಹೊತ್ತು ತಂಬೂರಿಯ ಅಥವಾ ಶ್ರುತಿಪೆಟ್ಟಿಗೆಯ ಎದುರು ಬಾಯಿಂದ ಹಾಡಿ ಸ್ವರ ಹಚ್ಚುವುದನ್ನು ಕಲಿಯಬೇಕು. ಹನ್ನೆರಡು ಸ್ವರಗಳನ್ನೂ ಬೇಕಾದಷ್ಟು ಏರಿಳಿಸಿ ಹೊಂದಿಸಿಕೊಳ್ಳುವ ಸೌಲಭ್ಯ ಕೆಲವು ಕೀಬೋರ್ಡುಗಳಲ್ಲಿದೆ. ಹಿಂದೂಸ್ತಾನಿ ಅಥವಾ ಕರ್ನಾಟಕ ಪದ್ಧತಿಯನ್ನು ಗಂಭೀರವಾಗಿ ಕಲಿಯುವವರು ಕೊಳ್ಳುವಾಗ ಅದನ್ನು ಕೇಳಿ ನೋಡಬಹುದು.

ಒಂದು ಮನೆಯ ಅನುಭವ

ನನಗೆ ಪರಿಚಿತವಾದ ಒಂದು ಮನೆಯಲ್ಲಿ ಪ್ರತಿ ಸೋಮವಾರ ಸಂಜೆ ಎಲ್ಲರೂ ಕೂಡಿ ವಚನ ಹಾಡುವ ಪದ್ಧತಿಯಿದೆ. ಅಜ್ಜಿಯವರದೇ ಮುಂದಾಳುತನ. ಮೊಮ್ಮಗಳಿಗೆ ಹನ್ನೆರಡು ತುಂಬಿದಾಗ ತಂದೆ ಒಂದು ಕೀಬೋರ್ಡು ತಂದರು. ನೋಡಲು ಚೆಂದ, ಬೆಲೆಯೂ ಕಡಿಮೆ. ನೂರು ಬಗೆಯ ನಾದಗಳಿವೆಯೆಂದು ಡಬ್ಬಿಯ ಮೇಲೆ ಬರೆದಿತ್ತು. ಹುಡುಗಿ ಎರಡು ತಿಂಗಳಲ್ಲಿ ಹಲವು ಹಾಡುಗಳನ್ನು ನುಡಿಸತೊಡಗಿದಳು. ಸೋಮವಾರ ಅಜ್ಜಿಗೆ ಸಾಥಿ ಕೊಡಲು ಕುಳಿತಾಗ ತೊಡಕು ಕಾಣಿಸಿತು. ಅಜ್ಜಿ ಹಾಡುವುದು ಕರಿ ಮೂರರಲ್ಲಿ. ಹುಡುಗಿ ಕಲಿತದ್ದು ಬಿಳಿ ಒಂದರಲ್ಲಿ. ಅಜ್ಜಿ ವಾದ್ಯದ ಜೊತೆ ಸೇರಲು ನೋಡಿದರು. ಕೆಳಗಿಳಿದರೆ ಸ್ವರ ಮೂಡದು, ಮೇಲೇರಿದರೆ ಉಸಿರು ಸಾಲದು. ಆ ಆಟಿಗೆಯಂಥ ವಾದ್ಯದಲ್ಲಿ ಶ್ರುತಿ ಬದಲಿಸುವ ಗುಂಡಿಯೇ ಇರಲಿಲ್ಲ. ಅಜ್ಜಿ, “ನೀನs ನುಡಿಸವ್ವ, ನಾ ಕೇಳತೀನಿ” ಎಂದು ಸುಮ್ಮನಾದರು. ನಲವತ್ತು ವರ್ಷ ಆ ಮನೆಯಲ್ಲಿ ಹಾಡಿದ ಕಂಠ ಒಂದು ಸಾಮಾನಿನ ಕಾರಣದಿಂದ ಮೌನವಾಯಿತು. ಎರಡು ಸೋಮವಾರ ಕಳೆದ ಮೇಲೆ ತಂದೆಗೆ ಇದು ಅರಿವಾಗಿ, ಬಲ್ಲವರನ್ನು ಕರೆದುಕೊಂಡು ಹೋಗಿ ಬೇರೆ ವಾದ್ಯ ತಂದರು. ಆಗ ಅಜ್ಜಿಯನ್ನೂ ಅಂಗಡಿಗೆ ಕರೆದೊಯ್ದರಂತೆ. ಅಂಗಡಿಯವನು ಬೆರಗಾದರೂ ಅದೇ ಸರಿಯಾದ ಕ್ರಮ. ಮನೆಯಲ್ಲಿ ಹಾಡುವವರ ಕಂಠವೇ ವಾದ್ಯಕ್ಕೆ ಒರೆಗಲ್ಲು.

ಕೊಳ್ಳುವಾಗ ನೋಡಬೇಕಾದ ಅಂಶಗಳು

ಮೊದಲನೆಯದು ಪಟ್ಟಿಗಳ ಸಂಖ್ಯೆ ಮತ್ತು ಅಳತೆ. ಬೆರಳೊತ್ತುವ ಬಿಳಿ-ಕರಿ ಪಟ್ಟಿಗಳು ಕೀಬೋರ್ಡುಗಳಲ್ಲಿ 32ರಿಂದ 88ರವರೆಗೆ ಇರುತ್ತವೆ. ಮನೆಯ ಗಾಯನಕ್ಕೆ 61 ಪಟ್ಟಿಗಳ, ಅಂದರೆ ಐದು ಸಪ್ತಕಗಳ ವಾದ್ಯ ಸಾಕು. ಪೇಟಿಯಲ್ಲಿ ಇರುವುದೇ ಮೂರು, ಮೂರೂವರೆ ಸಪ್ತಕಗಳೆಂಬುದನ್ನು ನೆನೆದರೆ ಇದು ಧಾರಾಳವಾಯಿತು. ತೀರ ಚಿಕ್ಕ ಪಟ್ಟಿಗಳ ಮಾದರಿಯನ್ನು ಕೊಳ್ಳಬೇಡಿರಿ. ಪೂರ್ಣ ಅಳತೆಯ ವಾದ್ಯದಲ್ಲಿ ಒಂದು ಸಪ್ತಕದ ಅಗಲ ಸುಮಾರು 16.5 ಸೆಂಟಿಮೀಟರ್ ಇರುತ್ತದೆ. ಒಂದು ಅಳತೆಪಟ್ಟಿ ಒಯ್ದರೆ ಅಂಗಡಿಯಲ್ಲಿಯೇ ನೋಡಿಕೊಳ್ಳಬಹುದು. ಚಿಕ್ಕ ಪಟ್ಟಿಗಳಲ್ಲಿ ರೂಢಿಯಾದ ಬೆರಳು ಮುಂದೆ ದೊಡ್ಡ ವಾದ್ಯದಲ್ಲಿ ತಡವರಿಸುತ್ತದೆ. 88 ಪಟ್ಟಿಗಳ ಡಿಜಿಟಲ್ ಪಿಯಾನೊ ಒಳ್ಳೆಯದಾದರೂ ಅದು ಭಾರ. ಒಂದೆಡೆ ಇಟ್ಟರೆ ಅಲ್ಲಿಯೇ ಇರುವಂಥದು. ನಮ್ಮ ಶಿವಾನುಭವ ಗೋಷ್ಠಿಗಳು ಈ ತಿಂಗಳು ಒಂದು ಮನೆಯಲ್ಲಿ, ಬರುವ ತಿಂಗಳು ಇನ್ನೊಂದು ಮನೆಯಲ್ಲಿ ನಡೆಯುವಂಥವು. ಅವಕ್ಕೆ ಸ್ಥಾವರವಾದ್ಯಕ್ಕಿಂತ ಜಂಗಮವಾದ್ಯವೇ ಲೇಸು.

ಎರಡನೆಯದು ಸ್ಪರ್ಶಗುಣ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗಟ್ಟಿಯಾಗಿ ಒತ್ತಿದರೆ ಗಟ್ಟಿಯಾಗಿ ನುಡಿಯುವ ಗುಣ ಇರಲೇಬೇಕು. ಇದನ್ನು ‘ಟಚ್ ರೆಸ್ಪಾನ್ಸ್’ ಎನ್ನುವರು. ಅತಿ ಅಗ್ಗದ ಮಾದರಿಗಳಲ್ಲಿ ಇದು ಇರುವುದಿಲ್ಲ. ಇಲ್ಲದ ವಾದ್ಯದಲ್ಲಿ ಮಗು ಎಷ್ಟು ಕಲಿತರೂ ಬೆರಳಿಗೆ ಭಾವ ಬಾರದು.

ಮೂರನೆಯದು ಶ್ರುತಿ ಬದಲಿಸುವ ಸೌಲಭ್ಯ. ‘ಟ್ರಾನ್ಸ್‌ಪೋಸ್’ ಎಂಬ ಹೆಸರಿನಿಂದ ಇದು ಇರುತ್ತದೆ. ಮೇಲೆ ಆರು ಮೆಟ್ಟಿಲು, ಕೆಳಗೆ ಆರು ಮೆಟ್ಟಿಲು ಬದಲಿಸಲು ಬಂದರೆ ಎಲ್ಲರ ಕಂಠಕ್ಕೂ ಹೊಂದುತ್ತದೆ. ಇದರ ಜೊತೆಗೆ ಸೂಕ್ಷ್ಮವಾಗಿ ಶ್ರುತಿ ಹೊಂದಿಸುವ ವ್ಯವಸ್ಥೆಯೂ ಇರಬೇಕು. ಮಠದ ಹಳೆಯ ಪೇಟಿಯ ಶ್ರುತಿ ಕಾಲಕ್ರಮದಲ್ಲಿ ತುಸು ಜಾರಿರಬಹುದು. ಅದರೊಡನೆ ಕೂಡಿ ನುಡಿಸಬೇಕಾದರೆ ಕೀಬೋರ್ಡೇ ಬಗ್ಗಬೇಕು. ಆದರೆ ಕಲಿಯುವ ಮಕ್ಕಳು ಈ ಗುಂಡಿಗೆ ಅಡಿಯಾಳಾಗಬಾರದು. ಮೊದಲ ವರ್ಷ ಬಿಳಿ ಒಂದು, ಕರಿ ಒಂದು, ಮನೆಯ ಹಿರಿಯರ ಶ್ರುತಿ ಹೀಗೆ ಕನಿಷ್ಠ ಮೂರು ಶ್ರುತಿಗಳಲ್ಲಿ ಗುಂಡಿಯ ನೆರವಿಲ್ಲದೆ ಅಲಂಕಾರಗಳನ್ನು ನುಡಿಸಲು ಕಲಿಸಿರಿ.

ನಾಲ್ಕನೆಯದು ನಾದಗಳು. ಐದುನೂರು ಆರುನೂರು ನಾದಗಳಿವೆಯೆಂಬ ಜಾಹೀರಾತಿಗೆ ಮರುಳಾಗಬೇಡಿರಿ. ನಿಮಗೆ ಬೇಕಾದವು ನಾಲ್ಕೈದು: ಹಾರ್ಮೋನಿಯಂ, ಕೊಳಲು, ಪಿಯಾನೊ, ತಂತಿವಾದ್ಯ, ತಂಬೂರಿ. ಕ್ಯಾಸಿಯೊ ಮತ್ತು ಯಮಹಾ ಕಂಪನಿಗಳೆರಡೂ ಭಾರತದ ಗಿರಾಕಿಗಳಿಗೆಂದೇ ನಮ್ಮ ವಾದ್ಯಗಳ ನಾದ, ನಮ್ಮ ತಾಳಗಳನ್ನು ಸೇರಿಸಿದ ಮಾದರಿಗಳನ್ನು ತಯಾರಿಸಿವೆ. ಅಂಗಡಿಯಲ್ಲಿ ಅವನ್ನೇ ಕೇಳಿರಿ. ಏಕಕಾಲಕ್ಕೆ ಎಷ್ಟು ಸ್ವರಗಳು ನುಡಿಯಬಲ್ಲವೆಂಬ ಲೆಕ್ಕವನ್ನೂ ಪುಸ್ತಿಕೆಯಲ್ಲಿ ಕೊಟ್ಟಿರುತ್ತಾರೆ. ಹಾಡಿಗೆ ಸಾಥಿ ಕೊಡಲು 32 ಸಾಕು, 48 ಅಥವಾ 64 ಇದ್ದರೆ ಇನ್ನೂ ಉತ್ತಮ.

ಐದನೆಯದು ವಿದ್ಯುತ್ತು. ನಮ್ಮ ಹಳ್ಳಿಗಳಲ್ಲಿ ಪೂಜೆಯ ಹೊತ್ತಿಗೇ ಕರೆಂಟು ಹೋಗುವುದು ಹೊಸದಲ್ಲ. ಗೋಡೆಯ ವಿದ್ಯುತ್ತಿನಿಂದ ನಡೆಯುವುದರ ಜೊತೆಗೆ ಸೆಲ್ಲುಗಳಿಂದಲೂ ನಡೆಯುವ ವಾದ್ಯವನ್ನೇ ಆರಿಸಬೇಕು. ಎಲ್ಲ ಮಾದರಿಗಳಲ್ಲಿ ಈ ಅನುಕೂಲ ಇರುವುದಿಲ್ಲ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಡಬ್ಬಿಯನ್ನು ನೋಡಿ ಕೊಳ್ಳದೆ ವಾದ್ಯವನ್ನು ನುಡಿಸಿ ನೋಡಿ ಕೊಳ್ಳಿರಿ. ಮೊದಲು ಎಡತುದಿಯಿಂದ ಬಲತುದಿಯವರೆಗೆ ಪ್ರತಿ ಪಟ್ಟಿಯನ್ನೂ ಒಂದೇ ಬಲದಿಂದ ಒತ್ತಿರಿ. ಯಾವುದಾದರೂ ಅಂಟಿಕೊಂಡಂತೆ, ಸಡಿಲವಾದಂತೆ, ಉಳಿದವುಗಳಿಗಿಂತ ಜೋರಾಗಿ ಕೇಳಿದರೆ ಆ ವಾದ್ಯ ಬೇಡ. ಅನಂತರ ಹಾರ್ಮೋನಿಯಂ ನಾದದಲ್ಲಿ ಷಡ್ಜ-ಪಂಚಮಗಳನ್ನು ಒಂದು ನಿಮಿಷ ಹಿಡಿಯಿರಿ. ನಾದ ಒಂದೇ ಸಮನೆ ನಿಲ್ಲಬೇಕು. ನಡುವೆ ತುಂಡಾಗಿ ಮತ್ತೆ ಆರಂಭವಾದಂತೆ ಕೇಳಿದರೆ ಶ್ರುತಿ ಹಿಡಿಯಲು ಅದು ಕೆಲಸಕ್ಕೆ ಬಾರದು. ಧ್ವನಿಯನ್ನು ಪೂರ್ತಿ ಏರಿಸಿ ನೋಡಿರಿ. ಹತ್ತಿಪ್ಪತ್ತು ಜನ ಕುಳಿತ ಪಡಸಾಲೆಗೆ ಸಾಲುವಷ್ಟಾದರೂ ಇರಬೇಕು, ಒಡೆದಂತೆ ಕೇಳಬಾರದು. ಧ್ವನಿಯನ್ನು ತೀರ ಇಳಿಸಿಯೂ ಕೇಳಿರಿ, ಉಸುರಿದಂತೆ ಸದ್ದು ಬರುತ್ತಿದ್ದರೆ ಅದು ಧ್ಯಾನದ ಹೊತ್ತಿನಲ್ಲಿ ಕಾಡುತ್ತದೆ. ಕೊನೆಗೆ ಮನೆಯಲ್ಲಿ ಹಾಡುವವರು ತಮಗೆ ಬರುವ ಒಂದು ವಚನವನ್ನು ಅಲ್ಲಿಯೇ ಎರಡು ಸಾಲು ಹಾಡಲಿ, ವಾದ್ಯ ಅವರ ಶ್ರುತಿಗೆ ಬರಲಿ. ನಾಚಿಕೆಪಡಬೇಕಾಗಿಲ್ಲ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಅಗಿದು ನೋಡುವುದಿಲ್ಲವೆ?

ಹಣವನ್ನೆಲ್ಲ ವಾದ್ಯಕ್ಕೇ ಸುರಿಯಬೇಡಿರಿ. ಸ್ಟ್ಯಾಂಡು, ಹೊರುವ ಚೀಲ, ಕಾಲೊತ್ತು ಇವುಗಳಿಗೆ ಸ್ವಲ್ಪ ತೆಗೆದಿರಿಸಿ, ಗುರುವಿನ ಕಾಣಿಕೆಗೆ ಅದಕ್ಕಿಂತ ಹೆಚ್ಚು ತೆಗೆದಿರಿಸಿರಿ. ದುಬಾರಿ ವಾದ್ಯ ತಂದು ಗುರುವಿಲ್ಲದೆ ಕುಳಿತ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಕಣ್ಣಿಲ್ಲದವರ ಕೈಗೆ

ಒಂದು ಮಾತನ್ನು ಮಾರುವವರು ಹೇಳುವುದಿಲ್ಲ, ನಾವು ಮರೆಯಬಾರದು. ಗದುಗಿನ ಪರಂಪರೆ ಅಂಧರ ಕೈಗೆ ವಾದ್ಯ ಕೊಟ್ಟು ಬಾಳು ಕೊಟ್ಟ ಪರಂಪರೆ. ಕರಿ ಪಟ್ಟಿಗಳು ಎರಡು, ಮೂರು, ಮತ್ತೆ ಎರಡು, ಮೂರು ಎಂಬ ಕ್ರಮದಲ್ಲಿ ಗುಂಪುಗೂಡಿರುವುದರಿಂದ ಅಂಧರು ಬೆರಳಿನಿಂದ ತಡವಿಯೇ ಪೇಟಿಯ ಪ್ರತಿ ಸ್ವರವನ್ನೂ ಗುರುತಿಸಬಲ್ಲರು. ಕೀಬೋರ್ಡಿನ ಪಟ್ಟಿಗಳೂ ಹಾಗೆಯೇ ಇವೆ. ಆದರೆ ನಾದ ಬದಲಿಸಲು, ಶ್ರುತಿ ಏರಿಸಲು ಗಾಜಿನ ಪರದೆಯನ್ನೇ ನೋಡಿ ಮುಟ್ಟಬೇಕಾದ ಮಾದರಿಗಳು ಅವರಿಗೆ ನಿರುಪಯುಕ್ತ. ಮನೆಯಲ್ಲಿ ದೃಷ್ಟಿದೋಷವಿರುವ ಮಗುವಿದ್ದರೆ, ಅಥವಾ ಮಠಕ್ಕೆ, ಅಂಧರ ಶಾಲೆಗೆ ವಾದ್ಯವನ್ನು ದಾಸೋಹ ಮಾಡುವುದಿದ್ದರೆ, ಬೆರಳಿಗೆ ಸಿಗುವ ಬೇರೆಬೇರೆ ಗುಂಡಿಗಳಿರುವ ಮಾದರಿಯನ್ನೇ ಆರಿಸಿರಿ. ಮುಖ್ಯವಾದ ಎರಡು ಮೂರು ಗುಂಡಿಗಳ ಮೇಲೆ ಒಂದೊಂದು ತೊಟ್ಟು ಮೇಣವನ್ನೋ ಚಿಕ್ಕ ಬಟ್ಟೆಯ ಚೂರನ್ನೋ ಅಂಟಿಸಿಕೊಟ್ಟರೆ ಅವರಿಗೆ ಬಹಳ ಅನುಕೂಲ.

ತಾಳದ ಗುಂಡಿಯ ಮೋಹ

ಕೀಬೋರ್ಡಿನಲ್ಲಿ ಮಕ್ಕಳನ್ನು ಹೆಚ್ಚು ಸೆಳೆಯುವುದು ತಾಳದ ಗುಂಡಿ. ಒತ್ತಿದರೆ ಡೋಲು, ಗಿಟಾರು, ಮೇಳ ಎಲ್ಲವೂ ತಾವಾಗಿಯೇ ನುಡಿಯತೊಡಗುತ್ತವೆ. ವಚನಗಾಯನದಲ್ಲಿ ಇದರಿಂದ ಎಚ್ಚರವಾಗಿರಬೇಕು. ವಚನ ಛಂದಸ್ಸಿನ ಪದ್ಯವಲ್ಲ, ಉಸಿರಿನ ಲಯದ ಗದ್ಯ. ಒಂದು ಸಾಲು ಮೂರು ಮಾತಿನದು, ಮರುಸಾಲು ಒಂಬತ್ತು ಮಾತಿನದು. ತಿಳಿದ ಗಾಯಕರು ಅದನ್ನು ಆರು ಮಾತ್ರೆಯ ದಾದ್ರಾದಲ್ಲಿಯೋ ಎಂಟು ಮಾತ್ರೆಯ ಕೆಹರ್ವಾದಲ್ಲಿಯೋ ಕೂರಿಸುವಾಗ ಅರ್ಥ ಮುರಿಯದಂತೆ ನೋಡಿಕೊಳ್ಳುತ್ತಾರೆ, ಬೇಕಾದಲ್ಲಿ ನಿಲ್ಲುತ್ತಾರೆ. ತಬಲಜಿ ಅವರ ಮುಖ ನೋಡಿ ಕಾಯುತ್ತಾನೆ. ಯಂತ್ರ ಕಾಯುವುದಿಲ್ಲ. ಅದರ ಹಿಂದೆ ಓಡಿದರೆ ಮಾತು ತುಂಡಾಗಿ ಅಂಕಿತ ಎಲ್ಲೋ ಸಿಕ್ಕಿಕೊಳ್ಳುತ್ತದೆ.

ಪಂಡಿತ ಮಲ್ಲಿಕಾರ್ಜುನ ಮನಸೂರರು (1910–1992) ಹಾಡಿದ ವಚನಗಳ ಧ್ವನಿಮುದ್ರಣಗಳು ಇಂದಿಗೂ ದೊರೆಯುತ್ತವೆ. ಮಕ್ಕಳಿಗೆ ಅವನ್ನು ಕೇಳಿಸಿರಿ. ಎಲ್ಲಿ ಮಾತು ನಿಲ್ಲುತ್ತದೆ, ಎಲ್ಲಿ ಸ್ವರ ಮುಂದುವರಿಯುತ್ತದೆಂದು ಗಮನಿಸಲು ಹೇಳಿರಿ. ಅಲಂಕಾರಗಳನ್ನು ಅಭ್ಯಾಸ ಮಾಡುವಾಗ ತಾಳದ ಗುಂಡಿ ಉಪಕಾರಿ, ವಚನ ಹಾಡುವಾಗ ಅದು ಮುಚ್ಚಿರಲಿ. ತಬಲಾ ನುಡಿಸುವವರಿಲ್ಲದಿದ್ದರೆ ಕೈತಾಳ ಹಾಕುವ ಒಂದು ಕೂಸಾದರೂ ಪಕ್ಕದಲ್ಲಿ ಕುಳಿತಿರಲಿ. ಅದಕ್ಕೂ ಒಂದು ಕಾಯಕ ಸಿಕ್ಕಂತಾಯಿತು.

ಜೋಪಾನ

ಪೇಟಿಗೆ ಇಲಿ, ಜಿರಲೆ ಶತ್ರುಗಳಾದರೆ ಕೀಬೋರ್ಡಿಗೆ ಧೂಳು ಮತ್ತು ತೇವ ಶತ್ರುಗಳು. ಪಟ್ಟಿಗಳ ಕೆಳಗೆ ರಬ್ಬರಿನ ಸಂಪರ್ಕಗಳಿರುತ್ತವೆ. ಅಲ್ಲಿ ಧೂಳು ಸೇರಿದರೆ ಕೆಲವು ಸ್ವರಗಳು ನುಡಿಯುವುದಿಲ್ಲ, ಕೆಲವು ಕಿರುಚುತ್ತವೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ ಮುಚ್ಚಿಡಿರಿ. ವಿಭೂತಿ ಧರಿಸಿದ ಕೈಯನ್ನು ತೊಳೆದು ಒರೆಸಿಕೊಂಡು ನುಡಿಸಲು ಕುಳಿತುಕೊಳ್ಳಿರಿ. ವಾದ್ಯದ ಮೇಲೆ ಹೂವು, ನೀರಿನ ತಂಬಿಗೆ, ದೀಪ ಇಡಬೇಡಿರಿ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಬಿಡಬೇಡಿರಿ. ಬಹುದಿನ ನುಡಿಸದಿದ್ದರೆ ಸೆಲ್ಲುಗಳನ್ನು ತೆಗೆದಿಡಿರಿ, ಅವು ಸೋರಿದರೆ ಒಳಗಿನ ಲೋಹ ತುಕ್ಕು ಹಿಡಿಯುತ್ತದೆ. ಅಡಾಪ್ಟರ್ ಕೆಟ್ಟರೆ ಕೈಗೆ ಸಿಕ್ಕ ಇನ್ನೊಂದನ್ನು ಚುಚ್ಚಬೇಡಿರಿ. ವೋಲ್ಟೇಜು, ಧನ-ಋಣ ತುದಿಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಆ ವಾದ್ಯಕ್ಕೆಂದು ಹೇಳಿದ ಅಡಾಪ್ಟರನ್ನೇ ತರಿಸಿರಿ.

ಪೇಟಿ ಆಗಲೇ ಮನೆಯಲ್ಲಿದ್ದರೆ ಅದನ್ನು ಅಟ್ಟಕ್ಕೆ ಹಾಕಿ ಕೀಬೋರ್ಡು ತರುವ ಅವಸರ ಬೇಡ. ಅದನ್ನು ದುರಸ್ತಿ ಮಾಡಿಸಿ ಮಗುವಿನ ಕೈಗೆ ಕೊಡಿರಿ. ಪೇಟಿಯಲ್ಲಿ ಪಳಗಿದ ಬೆರಳು ಕೀಬೋರ್ಡಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಪೇಟಿ ಕಲಿಸುವ ಗುರುಗಳು ಊರಲ್ಲಿದ್ದರೆ ಪೇಟಿಯನ್ನೇ ಕೊಡಿಸಿರಿ. ಗುರುಗಳು ದೂರ, ಮನೆ ಚಿಕ್ಕದು, ಹಾಡುವವರ ಶ್ರುತಿಗಳು ಬೇರೆಬೇರೆ, ಮಗುವಿನ ಒಲವು ಕೀಬೋರ್ಡಿನ ಕಡೆಗಿದೆ ಎಂದಾದರೆ ಕೀಬೋರ್ಡನ್ನೇ ತನ್ನಿರಿ. ತಂದ ಮೇಲೆ ಅದು ಸಿನಿಮಾ ಹಾಡನ್ನೂ ನುಡಿಸುವುದು ಸಹಜ. ಅದಕ್ಕೆ ಮಗುವನ್ನು ಗದರಿಸಬೇಡಿರಿ. ವಾರಕ್ಕೊಂದು ವಚನ ಅದರಲ್ಲಿ ನುಡಿಯಲಿ ಎಂಬ ಒಂದೇ ನಿಯಮವನ್ನು ಪ್ರೀತಿಯಿಂದ ಹಾಕಿರಿ. ವರ್ಷಕ್ಕೆ ಐವತ್ತೆರಡು ವಚನಗಳಾದವು. ನಮ್ಮಲ್ಲಿ ಎಷ್ಟು ಮಂದಿ ದೊಡ್ಡವರಿಗೆ ಐವತ್ತೆರಡು ವಚನಗಳು ಬಾಯಿಗೆ ಬರುತ್ತವೆ?

ಮೊದಲು ಹೇಳಿದ ಆ ಹುಡುಗನನ್ನು ನಾನು ಮತ್ತೆ ಕಾಣಲಿಲ್ಲ. ಕಲಿತ ಆ ಐದು ವಚನಗಳನ್ನು ಅವನು ಎಲ್ಲಿಯಾದರೂ ನುಡಿಸಿದನೋ ಇಲ್ಲವೋ ತಿಳಿಯದು. ಈಗ ಪ್ರವಚನಕ್ಕೆ ಹೋದಲ್ಲೆಲ್ಲ ಕೀಬೋರ್ಡು ತಂದ ಮಕ್ಕಳನ್ನು ಮುಂದೆ ಕರೆದು ಕೂಡಿಸುತ್ತೇನೆ, ಹಾಡುವವರ ಶ್ರುತಿ ಯಾವುದೆಂದು ಮೊದಲು ಕೇಳಿಕೊಳ್ಳಲು ಹೇಳುತ್ತೇನೆ. ನಿಮ್ಮ ಮನೆಯ ಮಗುವೂ ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೂಜೆಯ ಹೊತ್ತಿಗೆ ಬಂದು ನಿಂತರೆ ಜಾಗ ಬಿಟ್ಟುಕೊಡಿರಿ. ತಪ್ಪು ನುಡಿಸಿದರೆ ತಿದ್ದೋಣ. ಹೊರಗೆ ಕಳಿಸುವುದು ಬೇಡ.